ನಿಮಗಿದು ಗೊತ್ತೇ? ಕಡಲಾಚೆ ಕಾದಿದ ನಮ್ಮ ಸಿಪಾಯಿಗಳು

ಮೊದಲ ಮಹಾಯುದ್ಧವೆಂದರೆ ಯೂರೋಪಿನ ರಾಜರ ಜಗಳ ಎಂದು ಶಾಲೆಯಲ್ಲಿ ಓದಿ ಮರೆತವರೇ ಹೆಚ್ಚು. ಆ ಜಗಳಕ್ಕಾಗಿ 1914ರಿಂದ 1918ರವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು. 74,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಯುದ್ಧ ಶುರುವಾದಾಗ ಒಬ್ಬ ಸಿಪಾಯಿಯ ತಿಂಗಳ ಸಂಬಳ 11 ರೂಪಾಯಿ.

◆ ಭಾರತದ ಮೊದಲ ದಂಡು ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಇಳಿದದ್ದು 1914ರ ಸೆಪ್ಟೆಂಬರ್ 26ರಂದು. ಮೈಮೇಲೆ ಇದ್ದದ್ದು ನಮ್ಮ ಸೆಕೆಗೆ ಹೊಲಿದ ಹತ್ತಿಯ ಖಾಕಿ. ತಂದಿದ್ದ ಬಂದೂಕುಗಳನ್ನು ಅಲ್ಲೇ ವಾಪಸು ಪಡೆದು ಬೇರೆ ಮಾದರಿಯವನ್ನು ಕೊಟ್ಟರು. ಹಳೆಯವಕ್ಕೆ ಅಲ್ಲಿನ ಗುಂಡು ಹೊಂದುತ್ತಿರಲಿಲ್ಲ. ಕೈಗೆ ಪಳಗದ ಬಂದೂಕು ಹಿಡಿದು, ತಿಂಗಳೊಪ್ಪತ್ತಿನಲ್ಲಿ ಅವರು ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಕಂದಕಗಳಲ್ಲಿ ನಿಂತಿದ್ದರು. ಚಳಿಗಾಲ ಬಂದಾಗ ಮೊಣಕಾಲುದ್ದ ಕೆಸರು, ಅದರ ಮೇಲೆ ಹಿಮ. ಗುಂಡು ತಾಗದವರ ಪಾದಗಳನ್ನೂ ಆ ನೀರು ಕೊಳೆಸಿತು.

◆ ಆ ಮೊದಲ ಚಳಿಗಾಲದಲ್ಲಿ ಕೈಬಾಂಬುಗಳಿಗೂ ತತ್ವಾರ. ಖಾಲಿ ಜಾಮ್ ಡಬ್ಬಿಗಳಿಗೆ ಸಿಡಿಮದ್ದು ಮತ್ತು ಕಬ್ಬಿಣದ ಚೂರು ತುಂಬಿ, ಬತ್ತಿ ಹೊತ್ತಿಸಿ ಎಸೆಯುತ್ತಿದ್ದರು.

◆ ಬ್ರಿಟಿಷ್ ಸಾಮ್ರಾಜ್ಯದ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್. 1911ರವರೆಗೆ ಅದನ್ನು ಭಾರತೀಯ ಸಿಪಾಯಿಗೆ ಕೊಡುವಂತೆಯೇ ಇರಲಿಲ್ಲ. ದೆಹಲಿ ದರ್ಬಾರಿನಲ್ಲಿ ಆ ನಿರ್ಬಂಧ ತೆಗೆದ ಮೂರೇ ವರ್ಷಕ್ಕೆ, 1914ರ ಅಕ್ಟೋಬರ್ 31ರಂದು, ಬೆಲ್ಜಿಯಂನ ಹೊಲೆಬೆಕ್ ಹಳ್ಳಿಯಲ್ಲಿ ಸಿಪಾಯಿ ಖುದಾದಾದ್ ಖಾನ್ ಅದಕ್ಕೆ ಪಾತ್ರರಾದರು. ಅವರ ಮಷಿನ್‌ಗನ್ ತಂಡದ ಉಳಿದವರೆಲ್ಲ ಸತ್ತ ಮೇಲೂ ಗಾಯಗೊಂಡ ಮೈಯಲ್ಲೇ ಗುಂಡು ಹಾರಿಸುತ್ತಿದ್ದರು. ಸತ್ತಿದ್ದಾರೆಂದು ಶತ್ರುಗಳು ಬಿಟ್ಟುಹೋದಾಗ, ಕತ್ತಲಲ್ಲಿ ತೆವಳಿಕೊಂಡು ತಮ್ಮ ದಂಡನ್ನು ಸೇರಿದರು.

◆ ಗಢವಾಲಿನ ದರ್ವಾನ್ ಸಿಂಗ್ ನೇಗಿ ಅವರಿಗೆ ಅದೇ ಪದಕ ಬಂದದ್ದು ಫೆಸ್ಟುಬೆರ್‌ನ ಕಂದಕಗಳನ್ನು ಮರಳಿ ಗೆದ್ದುದಕ್ಕೆ. 1914ರ ಡಿಸೆಂಬರ್‌ನಲ್ಲಿ ಐದನೇ ಜಾರ್ಜ್ ದೊರೆ ಫ್ರಾನ್ಸಿಗೇ ಬಂದು ಎದೆಗೆ ಸಿಕ್ಕಿಸಿದರು. ಏನು ಬೇಕು ಎಂದು ಕೇಳಿದಾಗ ನೇಗಿ ಜಮೀನು ಕೇಳಲಿಲ್ಲ, ಹಣ ಕೇಳಲಿಲ್ಲ, ಕರ್ಣಪ್ರಯಾಗದಲ್ಲಿ ಒಂದು ಶಾಲೆ ಕೇಳಿದರು ಎಂದು ಗಢವಾಲಿಗರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅವರದೇ ಪಲ್ಟನ್ನಿನ ಗಬ್ಬರ್ ಸಿಂಗ್ ನೇಗಿ 1915ರ ಮಾರ್ಚ್ 10ರಂದು ನವ್ ಶಪೆಲ್‌ನಲ್ಲಿ ಮಡಿದರು. ಅವರ ಹೆಸರಿನಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಟೆಹ್ರಿ ಸೀಮೆಯ ಚಂಬಾದಲ್ಲಿ ಜಾತ್ರೆ ನಡೆಯುತ್ತದೆ.

◆ ಒಂದೇ ಮನೆಯ ಇಬ್ಬರು ಜಮಾದಾರರ ಕಥೆ ಕೇಳಿ. ಅಫ್ರಿದಿ ಪಠಾಣ ಮೀರ್ ಮಸ್ತ್ 1915ರ ಮಾರ್ಚ್ ತಿಂಗಳ ಒಂದು ರಾತ್ರಿ ಕೆಲವು ಸಂಗಾತಿಗಳೊಡನೆ ಕಂದಕ ದಾಟಿ ಜರ್ಮನರ ಕಡೆ ಸೇರಿದ. ಅವನ ಸೋದರ ಮೀರ್ ದಸ್ತ್ ಮರು ತಿಂಗಳೇ ಈಪ್ರ್‌ನಲ್ಲಿ ವಿಷಾನಿಲದ ನಡುವೆ ತನ್ನ ಜನರನ್ನು ಕಾಪಾಡಿ ವಿಕ್ಟೋರಿಯಾ ಕ್ರಾಸ್ ಪಡೆದ. ಪದಕ ಕೊಟ್ಟ ದೊರೆಯ ಮುಂದೆ ಮೀರ್ ದಸ್ತ್ ಇಟ್ಟ ಬಿನ್ನಹ ತನಗಾಗಿ ಇರಲಿಲ್ಲ: ಒಮ್ಮೆ ಗಾಯಗೊಂಡು ಗುಣವಾದ ಸಿಪಾಯಿಯನ್ನು ಮತ್ತೆ ಕಂದಕಕ್ಕೆ ಕಳಿಸಬೇಡಿ ಎಂದು ಕೇಳಿಕೊಂಡ. ಪದಕಕ್ಕಿಂತ ಆ ಮಾತಿಗೆ ಹೆಚ್ಚು ಎದೆಗಾರಿಕೆ ಬೇಕಿತ್ತು ಎಂದು ನನಗನ್ನಿಸುತ್ತದೆ.

◆ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಗುಮ್ಮಟ, ಮಿನಾರುಗಳ ಒಂದು ಅರಮನೆಯಿದೆ. ನಾಲ್ಕನೇ ಜಾರ್ಜ್ ತನ್ನ ವಿಲಾಸಕ್ಕೆ ಕಟ್ಟಿಸಿದ್ದು. 1914ರ ಡಿಸೆಂಬರ್‌ನಿಂದ ಅದು ಭಾರತೀಯ ಗಾಯಾಳುಗಳ ಆಸ್ಪತ್ರೆಯಾಯಿತು. ತೂಗುದೀಪಗಳ ಕೆಳಗೆ ಮಂಚಗಳ ಸಾಲು. ಜಾತಿ ಮತಗಳ ಕಟ್ಟಳೆಗೆ ತಕ್ಕಂತೆ ಒಂಬತ್ತು ಅಡುಗೆಮನೆ, ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ, ಹುಲ್ಲುಹಾಸಿನ ಮೇಲೆ ಸಿಖ್ಖರಿಗೆ ಗುರುದ್ವಾರದ ಡೇರೆ. ಫಲಕಗಳೂ ಉರ್ದು, ಹಿಂದಿ, ಗುರುಮುಖಿಯಲ್ಲಿ. ಉಪಚಾರದಲ್ಲಿ ಕೊರತೆಯಿರಲಿಲ್ಲ. ಈ ಆಸ್ಪತ್ರೆಯ ಫೋಟೋಗಳನ್ನು ಸರ್ಕಾರ ಪ್ರಚಾರಕ್ಕೂ ಚೆನ್ನಾಗಿ ಬಳಸಿಕೊಂಡಿತು.

ಆದರೆ ಅದೇ ಊರಿನ ಇನ್ನೊಂದು ಆಸ್ಪತ್ರೆಗೆ ಮುಳ್ಳುತಂತಿಯ ಬೇಲಿಯಿತ್ತು. ಬಿಳಿಯ ಹೆಂಗಸರು ಕಂದು ಬಣ್ಣದ ಸಿಪಾಯಿಗಳನ್ನು ಮುಟ್ಟಿ ಉಪಚರಿಸುವುದು ಅಧಿಕಾರಿಗಳಿಗೆ ಸರಿಬೀಳಲಿಲ್ಲ. ನರ್ಸುಗಳನ್ನು ಮೇಲ್ವಿಚಾರಣೆಗೆ ಮಾತ್ರ ಸೀಮಿತಗೊಳಿಸಿದರು. ಆ ಗಾಯಾಳುಗಳು ಮೈ ಒಡ್ಡಿದ್ದು ಯಾರ ದೇಶಕ್ಕಾಗಿ ಎಂಬುದನ್ನು ನೆನೆದರೆ ಹೊಟ್ಟೆಯುರಿಯುತ್ತದೆ.

◆ ಬ್ರೈಟನ್‌ನಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸಿಪಾಯಿಗಳ ದಹನ ನಡೆದದ್ದು ಊರ ಹೊರಗಿನ ಹುಲ್ಲುಗುಡ್ಡದ ಮೇಲೆ. ಬೂದಿಯನ್ನು ಕಡಲಿಗೆ ಬಿಟ್ಟರು. ಆ ಜಾಗದಲ್ಲಿ 1921ರಿಂದ ಅಮೃತಶಿಲೆಯ ಬಿಳಿ ಛತ್ರಿಯೊಂದು ನಿಂತಿದೆ. ಮುಸ್ಲಿಂ ಸಿಪಾಯಿಗಳನ್ನು ಹೂಳಿದ್ದು ವೋಕಿಂಗ್‌ನ ಮಸೀದಿಯ ಹತ್ತಿರ.

◆ ಸಿಪಾಯಿಗಳ ಕಾಗದ ಮನೆ ಮುಟ್ಟುವ ಮೊದಲು ಸರ್ಕಾರದ ತಪಾಸಣೆಗಾರರು ಅದನ್ನು ಒಡೆದು ಓದುತ್ತಿದ್ದರು. ಓದು ಬರಹ ಬಲ್ಲ ಸಿಪಾಯಿಗಳು ಕಡಿಮೆ. ಹೆಚ್ಚಿನವರು ಬಲ್ಲವರಿಂದ ಹೇಳಿ ಬರೆಸುತ್ತಿದ್ದರು. ಊರಲ್ಲೂ ಅಷ್ಟೇ, ಯಾರೋ ಓದಿ ಹೇಳಬೇಕು. ಹೀಗೆ ಹತ್ತು ಕಿವಿಗೆ ಬೀಳುವ ಕಾಗದದಲ್ಲಿ ಮನಸ್ಸಿನ ಮಾತು ಬರೆಯುವುದು ಹೇಗೆ? ಅವರು ಉಪಾಯ ಹುಡುಕಿಕೊಂಡರು. ಕರಿಮೆಣಸು ಎಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಎಂದರೆ ಬಿಳಿಯ ಸಿಪಾಯಿ. ಕರಿಮೆಣಸು ಮುಗಿಯುತ್ತಾ ಬಂದಿದೆ ಎಂದು ಬರೆದರೆ ಊರಿನವರಿಗೆ ಅರ್ಥವಾಗಬೇಕು: ನಮ್ಮವರು ಸಾಯುತ್ತಿದ್ದಾರೆ, ಮಕ್ಕಳನ್ನು ಭರ್ತಿಗೆ ಕಳಿಸಬೇಡಿ. ತಪಾಸಣೆಗಾರರಿಗೂ ಈ ಗುಟ್ಟು ಬೇಗ ತಿಳಿಯಿತು.

ಇದು ಯುದ್ಧವಲ್ಲ, ಪ್ರಳಯ ಎಂದು ಬರೆದವರಿದ್ದಾರೆ. ಕುರುಕ್ಷೇತ್ರಕ್ಕೆ ಹೋಲಿಸಿದವರಿದ್ದಾರೆ. ತಮ್ಮನ್ನು ಮನೆಯಲ್ಲಿ ಇಳಿಸಿಕೊಂಡ ಫ್ರೆಂಚ್ ಮುದುಕಿ ಹೆತ್ತ ತಾಯಿಯಂತೆ ಬಟ್ಟೆ ಒಗೆದು, ಕಾಫಿ ಕಾಯಿಸಿಕೊಟ್ಟದ್ದನ್ನು ಬರೆದವರೂ ಇದ್ದಾರೆ. ಆ ನಾಡಿನ ಹೆಣ್ಣುಮಕ್ಕಳೆಲ್ಲ ಓದಿರುವುದನ್ನು ಕಂಡು, ನಮ್ಮ ಹುಡುಗಿಯರನ್ನೂ ಶಾಲೆಗೆ ಹಾಕಿ ಎಂದು ಮನೆಗೆ ಬರೆದರು. ತಪಾಸಣೆಗಾರರು ತರ್ಜುಮೆ ಮಾಡಿಟ್ಟ ಪ್ರತಿಗಳಿಂದಲೇ ಈ ಮಾತುಗಳು ನಮಗೆ ಉಳಿದಿವೆ.

◆ ಇಂಗ್ಲಿಷ್ ಸೈನಿಕರು ತಾಯ್ನಾಡನ್ನು ಅಕ್ಕರೆಯಿಂದ 'ಬ್ಲೈಟಿ' ಎನ್ನುತ್ತಿದ್ದರು. ಅದು ನಮ್ಮ 'ವಿಲಾಯತಿ'! ಸುಖದ ಕೆಲಸಕ್ಕೆ ಅವರು ಹೇಳುವ 'ಕುಶಿ' ಎಂಬ ಮಾತಿನ ಹಿಂದೆ ನಮ್ಮ ಖುಷಿಯೇ ಇದೆ.

◆ 1918ರ ಜುಲೈ 22ರಂದು ಫ್ರಾನ್ಸಿನ ಆಕಾಶದಲ್ಲಿ ಮಡಿದ ಇಂದ್ರಲಾಲ್ ರಾಯ್ ಅವರಿಗೆ ಆಗ 19 ವರ್ಷ. ಅಷ್ಟರಲ್ಲಿ ಶತ್ರುವಿನ ಹತ್ತು ವಿಮಾನಗಳನ್ನು ಕೆಡವಿದ್ದರು. ಪೇಟದ ಮೇಲೆ ಕೂರುವಂಥ ವಿಶೇಷ ಟೋಪಿ ಹೊಲಿಸಿಕೊಂಡು ಹಾರಿದ ಹರ್ದಿತ್ ಸಿಂಗ್ ಮಲಿಕ್ ಬದುಕುಳಿದು, ಸ್ವತಂತ್ರ ಭಾರತದ ರಾಯಭಾರಿಯಾಗಿ ಫ್ರಾನ್ಸಿಗೇ ಹೋದರು.

◆ 1917ರ ಡಿಸೆಂಬರ್ 1ರಂದು, ಕಾಂಬ್ರೆ ಕಾಳಗದಲ್ಲಿ, ಲಾನ್ಸ್ ದಫೇದಾರ್ ಗೋವಿಂದ ಸಿಂಗ್ ಗುಂಡಿನ ಮಳೆಯ ನಡುವೆ ಮೂರು ಸಲ ಸುದ್ದಿ ಮುಟ್ಟಿಸಿದರು. ಮೂರು ಸಲವೂ ಕುದುರೆ ಗುಂಡೇಟಿಗೆ ಬಿತ್ತು. ಉಳಿದ ದಾರಿಯನ್ನು ಕಾಲ್ನಡಿಗೆಯಲ್ಲಿ ಓಡಿದರು.

◆ ಲೋಕದ ಯುದ್ಧಚರಿತ್ರೆಯಲ್ಲಿ ನಮ್ಮ ರಾಜಧಾನಿಯ ಹೆಸರು ಹೊತ್ತ ಆಯುಧವೊಂದಿದೆ: ಬೆಂಗಳೂರು ಟಾರ್ಪಿಡೋ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ಅದನ್ನು ರೂಪಿಸಿದ. ಸಿಡಿಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಳ್ಳುತಂತಿಯ ಅಡಿಗೆ ನೂಕಿ ಸಿಡಿಸಿದರೆ ದಾರಿ ಬಿಡುತ್ತದೆ. ನೂಕುವವನು ದೂರದಲ್ಲೇ ಇರಬಹುದು. ಮೊದಲ ಮಹಾಯುದ್ಧದ ಕಂದಕಗಳಿಂದ 1944ರ ನಾರ್ಮಂಡಿ ಕಡಲತೀರದವರೆಗೆ ಅದು ಕೆಲಸ ಮಾಡಿತು.

◆ ಬೆಂಗಳೂರಿನ ಹೆಸರಿನ ಬ್ರಿಗೇಡೊಂದು ಜೇನುನೊಣಗಳ ದಾಳಿಗೆ ಸಿಕ್ಕಿದ್ದು ಆಫ್ರಿಕದಲ್ಲಿ. 1914ರ ನವೆಂಬರ್‌ನಲ್ಲಿ, ಇಂದಿನ ತಾಂಜಾನಿಯದ ಟಾಂಗಾ ಬಂದರಿಗೆ ಸುಮಾರು 8,000 ಮಂದಿಯ ದಂಡು ಇಳಿಯಿತು. ಅದರಲ್ಲಿ 27ನೇ ಬೆಂಗಳೂರು ಬ್ರಿಗೇಡೂ ಇತ್ತು. ಎದುರಿಗಿದ್ದವರು ಸುಮಾರು 1,000 ಮಂದಿ. ವಾರಗಟ್ಟಲೆ ಹಡಗಿನಲ್ಲಿ ಕುಲುಕಿ ಸೋತಿದ್ದ ಜನರನ್ನು ಸರಿಯಾದ ಬೇಹುಗಾರಿಕೆಯೂ ಇಲ್ಲದೆ ಪೊದೆಗಾಡಿಗೆ ನುಗ್ಗಿಸಿದರು. ಗುಂಡಿನ ಸದ್ದಿಗೆ ಮರಗಳಲ್ಲಿದ್ದ ಜೇನುಹುಟ್ಟುಗಳೆದ್ದು ಎರಡೂ ಕಡೆಯವರನ್ನು ಅಟ್ಟಾಡಿಸಿದವು. ಸೋಲಿನ ಹೊಣೆಯನ್ನು ಸಿಪಾಯಿಗಳ ಮೇಲೆ ಹಾಕಿದವರುಂಟು. ತಪ್ಪು ಯೋಜನೆ ಮಾಡಿದವರದು.

◆ ತುರ್ಕಿಯ ಗಲಿಪೊಲಿಯಲ್ಲಿ ಗಾಯಾಳುಗಳನ್ನು ಕತ್ತೆಯ ಮೇಲೆ ಹೊತ್ತು ತಂದ ಜಾನ್ ಸಿಂಪ್ಸನ್ ಆಸ್ಟ್ರೇಲಿಯದವರಿಗೆ ಮನೆಮಾತು. ಆತ ತಂಗುತ್ತಿದ್ದದ್ದು ಭಾರತೀಯ ಗುಡ್ಡಗಾಡು ಫಿರಂಗಿ ದಳದವರ ಬಿಡಾರದಲ್ಲಿ, ಉಣ್ಣುತ್ತಿದ್ದದ್ದು ಅವರ ರೊಟ್ಟಿಯನ್ನು.

◆ ಎಲ್ಲಕ್ಕಿಂತ ಹೆಚ್ಚು ಭಾರತೀಯರು ದುಡಿದ, ನರಳಿದ ರಣಭೂಮಿ ಫ್ರಾನ್ಸ್ ಅಲ್ಲ, ಮೆಸೊಪೊಟೇಮಿಯ, ಇಂದಿನ ಇರಾಕ್. ಟೈಗ್ರಿಸ್ ದಂಡೆಯ ಕೂಟ್ ಪಟ್ಟಣದಲ್ಲಿ 1915ರ ಡಿಸೆಂಬರ್ 7ರಿಂದ 1916ರ ಏಪ್ರಿಲ್ 29ರವರೆಗೆ ತುರ್ಕರು ಮುತ್ತಿಗೆ ಹಾಕಿ ಕೂತರು. ಒಳಗಿದ್ದ ದಂಡಿನಲ್ಲಿ ಹೆಚ್ಚಿನವರು ನಮ್ಮವರು. ಊರಲ್ಲಿ ಧಾನ್ಯ ಸಿಕ್ಕಿತು, ಬೀಸುವುದಕ್ಕೆ ಕಲ್ಲಿಲ್ಲ. ವಿಮಾನದಿಂದ ಬೀಸುವ ಕಲ್ಲುಗಳನ್ನು ಕೆಳಗೆ ಬಿಟ್ಟರು! ಕೊನೆಗೆ ಹಿಟ್ಟಿನ ಚೀಲಗಳನ್ನೂ ಆಕಾಶದಿಂದಲೇ ಹಾಕಿದರು. ಮುತ್ತಿಗೆಯಲ್ಲಿರುವ ಪಡೆಗೆ ವಿಮಾನದಿಂದ ಆಹಾರ ಮುಟ್ಟಿಸುವ ಲೋಕದ ಮೊದಲ ಯತ್ನಗಳಲ್ಲಿ ಇದೊಂದು. ಅದು ಯಾರ ಹೊಟ್ಟೆಗೂ ಸಾಲಲಿಲ್ಲ.

ಉಳಿದದ್ದು ಕುದುರೆ ಮಾಂಸ. ಬ್ರಿಟಿಷ್ ಸೈನಿಕರು ತಿಂದರು. ನಮ್ಮವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಮುಟ್ಟಲಿಲ್ಲ. ತಿನ್ನಬಹುದೆಂದು ಭಾರತದಿಂದ ಧರ್ಮಗುರುಗಳ ಅಪ್ಪಣೆ ತರಿಸಿದರೂ ಹಿಂಜರಿದರು. ತಿಂದರೆ ಊರಿಗೆ ಹೋದ ಮೇಲೆ ಯಾರು ಹೆಣ್ಣು ಕೊಡುತ್ತಾರೆ, ಯಾರು ಪಂಕ್ತಿಗೆ ಕೂರಿಸುತ್ತಾರೆ ಎಂಬ ಭಯ ಸಾವಿನ ಭಯಕ್ಕಿಂತ ದೊಡ್ಡದಾಗಿತ್ತು. ಬಯಲಲ್ಲಿ ಸಿಕ್ಕ ಸೊಪ್ಪುಸದೆ ಕಿತ್ತು ಬೇಯಿಸಿಕೊಂಡರು. ವಸಡುಗಳಿಂದ ರಕ್ತ ಬಂತು, ಕಾಲು ಬಿದ್ದುಹೋದವು. ಶರಣಾದಾಗ ಸೆರೆಸಿಕ್ಕವರು ಸುಮಾರು 13,000. ಎಲುಬಿನ ಹಂದರಗಳಾಗಿದ್ದ ಅವರನ್ನು ಮರುಭೂಮಿಯಲ್ಲಿ ನೂರಾರು ಮೈಲಿ ನಡೆಸಿದರು, ರೈಲುಹಾದಿಯ ಕೂಲಿಗೆ ಹಚ್ಚಿದರು. ದಾರಿಯುದ್ದಕ್ಕೂ ಬಿದ್ದವರು ಬಿದ್ದಲ್ಲೇ ಉಳಿದರು.

ಅವರಲ್ಲಿ ಕಲ್ಯಾಣ್ ಕುಮಾರ್ ಮುಖರ್ಜಿ ಎಂಬ ಬಂಗಾಳಿ ವೈದ್ಯರೂ ಒಬ್ಬರು. ದೇಶಾಭಿಮಾನ ಎನ್ನುವುದೇ ಈ ನೆತ್ತರಿಗೆಲ್ಲ ಕಾರಣವಾಯಿತಲ್ಲ ಎಂದು ನೊಂದು ಮನೆಗೆ ಕಾಗದ ಬರೆದಿದ್ದರು. 1917ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಅವರ ಕಾಗದಗಳನ್ನೆಲ್ಲ ಸೇರಿಸಿ ಮೊಮ್ಮಗನ ಕಥೆಯನ್ನು ಪುಸ್ತಕ ಮಾಡಿದ್ದು ಅವರ ಅಜ್ಜಿ, ಮೋಕ್ಷದಾ ದೇವಿ.

◆ ಬರ್ಲಿನ್ ಹತ್ತಿರದ ವೂನ್ಸ್‌ಡೋರ್ಫ್‌ನಲ್ಲಿ ಜರ್ಮನರು 'ಅರ್ಧಚಂದ್ರ ಶಿಬಿರ' ಎಂಬ ಸೆರೆಪಾಳೆಯ ಮಾಡಿದ್ದರು. ಬ್ರಿಟಿಷರ ವಿರುದ್ಧ ತಿರುಗಿಬೀಳಲೆಂದು ಕೈದಿಗಳಿಗಾಗಿ ಮರದ ಮಸೀದಿ ಕಟ್ಟಿಸಿದರು, ಅವರ ಭಾಷೆಗಳಲ್ಲಿ ಪತ್ರಿಕೆ ಹೊರಡಿಸಿದರು. ಭಾಷಾವಿದ್ವಾಂಸರು ಬಂದು ಕೈದಿಗಳನ್ನು ಧ್ವನಿಮುದ್ರಣ ಯಂತ್ರದ ಕೊಳವೆಯ ಮುಂದೆ ನಿಲ್ಲಿಸಿ ತಟ್ಟೆಗಳನ್ನು ಮಾಡಿಕೊಂಡರು. ಅವರಿಗೆ ಬೇಕಾಗಿದ್ದದ್ದು ಉಚ್ಚಾರಣೆ ಮಾತ್ರ. 1916ರ ಡಿಸೆಂಬರ್ 11ರಂದು ಒಬ್ಬ ಪಂಜಾಬಿ ಸಿಪಾಯಿ, ಯಾರದೋ ಕಥೆಯೆಂಬಂತೆ ತನ್ನದೇ ಕಥೆ ಹೇಳಿದ: ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯನಿದ್ದ, ಇಂಗ್ಲಿಷರ ಚಾಕರಿಗೆ ಸೇರಿ ಈ ಯುದ್ಧಕ್ಕೆ ಬಂದು ಸೆರೆಸಿಕ್ಕ, ಈಗ ಅವನಿಗೆ ಹಿಂದೂಸ್ತಾನ ಬೇಕು. ಆ ದನಿ ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಇಂದಿಗೂ ಇದೆ. ಶಿಬಿರದ ಹತ್ತಿರದ ಭಾರತೀಯ ಸ್ಮಶಾನದಲ್ಲಿ 206 ಗೋರಿಗಳಿವೆ.

◆ ಎಲ್ಲರೂ ತಲೆಬಾಗಿ ಹೋದರೆಂದು ತಿಳಿಯಬೇಡಿ. 1915ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಐದನೇ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳು ದಂಗೆಯೆದ್ದರು. ತಮ್ಮದೇ ಮತದ ತುರ್ಕರ ಮೇಲೆ ಕಾದಲು ಕಳಿಸುತ್ತಾರೆಂಬ ಸುದ್ದಿ ಹಬ್ಬಿತ್ತು. ದಂಗೆಯೆದ್ದವರಲ್ಲಿ 47 ಮಂದಿಯನ್ನು ಬ್ರಿಟಿಷರು ಗುಂಡಿಟ್ಟು ಕೊಂದರು, ಜನರೆದುರಿನಲ್ಲೇ.

◆ ಬಂದೂಕು ಹಿಡಿಯದೆ ಹೋದವರೂ ಲಕ್ಷಗಟ್ಟಲೆ: ಅಡುಗೆಯವರು, ನೀರು ಹೊರುವವರು, ಜಾಡಮಾಲಿಗಳು, ಅಗಸರು, ಹೇಸರಗತ್ತೆ ಹೊಡೆಯುವವರು, ಡೋಲಿ ಹೊರುವವರು. ನಾಗಾ, ಖಾಸಿ, ಮಿಜೋ, ಮಣಿಪುರಿ ಗುಡ್ಡಗಳಿಂದ 1917ರಲ್ಲಿ ಕೂಲಿ ದಳಗಳು ಫ್ರಾನ್ಸಿಗೆ ಹೋದವು. ಮರಳಿ ಬಂದ ನಾಗಾ ಜನ ಸೇರಿ 1918ರಲ್ಲಿ ಕೊಹಿಮಾದಲ್ಲಿ ನಾಗಾ ಕ್ಲಬ್ ಕಟ್ಟಿದರು. ನಾಗಾ ರಾಜಕೀಯದ ಮೊದಲ ಹೆಜ್ಜೆ ಅದು.

◆ ಸೈನಿಕರ ಪಟ್ಟಿಯಲ್ಲಿ ಪಂಜಾಬು, ಗಢವಾಲು, ನೇಪಾಳದ ಹೆಸರುಗಳೇ ಹೆಚ್ಚೇಕೆ? ಕೆಲವು ಜಾತಿಗಳು ಮಾತ್ರ ಹುಟ್ಟಾ ಕಲಿಗಳು ಎಂಬ ಸುಳ್ಳು ಸಿದ್ಧಾಂತವನ್ನು ಬ್ರಿಟಿಷರು ಕಟ್ಟಿಕೊಂಡಿದ್ದರು. ದಕ್ಷಿಣದವರನ್ನು ಹೆಚ್ಚಾಗಿ ರಸ್ತೆ, ಸೇತುವೆ, ಕಂದಕದ ಕೆಲಸಕ್ಕೆ ಇಟ್ಟರು. ಬೆಂಗಳೂರಿನ ಬ್ರಿಗೇಡ್ ರಸ್ತೆ ಮತ್ತು ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ನಿಂತ ಕಲ್ಲಿನ ಸ್ಮಾರಕ ಅಂಥ ಪಯನೀರ್ ದಳಗಳದು. ದಿನವೂ ಸಾವಿರಾರು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

◆ ಆ ಸಿದ್ಧಾಂತಕ್ಕೆ ಮೈಸೂರಿನ ಸವಾರರು ಉತ್ತರ ಕೊಟ್ಟದ್ದು ಪ್ಯಾಲೆಸ್ಟೈನಿನಲ್ಲಿ. ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟಿದ್ದರು. ಸಂಸ್ಥಾನದ ಅಶ್ವದಳ ಮೈಸೂರು ಲಾನ್ಸರ್ಸ್ ಈಜಿಪ್ಟಿಗೆ ಹೊರಟಿತು. ಸೂಯೆಜ್ ಕಾಲುವೆಯ ಕಾವಲು, ಜೋರ್ಡಾನ್ ಕಣಿವೆಯ ಉರಿಬಿಸಿಲು, ನಾಲ್ಕು ವರ್ಷ. 1918ರ ಸೆಪ್ಟೆಂಬರ್ 23ರಂದು ಹೈಫಾ.

ಒಂದು ಕಡೆ ಕಾರ್ಮೆಲ್ ಬೆಟ್ಟ, ಮೇಲೆ ಫಿರಂಗಿಗಳು. ಇನ್ನೊಂದು ಕಡೆ ಕಿಶೋನ್ ಹೊಳೆ, ದಡವೆಲ್ಲ ಕುದುರೆ ಹೂತುಹೋಗುವ ಹುದುಲು. ನಡುವಿನ ಇಕ್ಕಟ್ಟು ದಾರಿಗೆ ಮಷಿನ್‌ಗನ್ ಕಾವಲು. ಜೋಧಪುರದ ಸವಾರರು ಭರ್ಜಿ ಹಿಡಿದು ಆ ದಾರಿಯಲ್ಲಿ ನುಗ್ಗಬೇಕಾದರೆ ಬೆಟ್ಟದ ಫಿರಂಗಿಗಳ ಬಾಯಿ ಮುಚ್ಚಬೇಕು. ಆ ಕೆಲಸ ಬಿದ್ದದ್ದು ಮೈಸೂರಿನವರ ಪಾಲಿಗೆ. ಕಡಿದಾದ ಕಲ್ಲುಹಾದಿಯಲ್ಲಿ ಕುದುರೆಗಳನ್ನು ಹತ್ತಿಸಿ, ಇಂಗ್ಲಿಷ್ ಸವಾರರ ಒಂದು ತುಕಡಿಯ ಜೊತೆ ಸೇರಿ ಅವರು ಫಿರಂಗಿಗಳನ್ನು ವಶಪಡಿಸಿಕೊಂಡರು. ಕೆಳಗೆ ಜೋಧಪುರದವರು ಊರು ಹೊಕ್ಕರು. ಅವರ ಮೇಜರ್ ದಲ್ಪತ್ ಸಿಂಗ್ ಶೇಖಾವತ್ ಆ ನುಗ್ಗಾಟದಲ್ಲಿ ಮಡಿದರು. ಸಂಜೆಯ ಹೊತ್ತಿಗೆ 1,350 ಮಂದಿ ಸೆರೆ, 17 ಫಿರಂಗಿ ಕೈವಶ. ನಮ್ಮ ಕಡೆ ಸತ್ತವರು ಎಂಟು ಮಂದಿ, ಗಾಯಗೊಂಡವರು 34, ಬಿದ್ದ ಕುದುರೆಗಳು 60. ಭರ್ಜಿ ಹಿಡಿದ ಕುದುರೆ ಸವಾರರು ಮಷಿನ್‌ಗನ್ ಇದ್ದ ಕೋಟೆಯೂರನ್ನು ಗೆದ್ದ ಇಂಥ ಉದಾಹರಣೆ ಆ ಯುದ್ಧದಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಅಲ್ಲಿಗೇ ನಿಲ್ಲಲಿಲ್ಲ. ಅಕ್ಟೋಬರ್ 26ರಂದು ಸಿರಿಯದ ಅಲೆಪ್ಪೊ ಆಚೆಯ ಹರಿತಾನ್‌ನಲ್ಲಿ ಮೈಸೂರು, ಜೋಧಪುರ ಸವಾರರು ಮತ್ತೆ ಎರಗಿದರು. ತುರ್ಕರು ಕದನವಿರಾಮಕ್ಕೆ ಸಹಿ ಹಾಕಿದ್ದು ನಾಲ್ಕೇ ದಿನದ ಮೇಲೆ.

◆ ದೆಹಲಿಯ ತೀನ್ ಮೂರ್ತಿ ಎಂದರೆ ನೆಹರೂ ಅವರ ಮನೆ ನೆನಪಾಗುತ್ತದೆ. ಆ ಮೂರು ಮೂರ್ತಿಗಳು ಮೈಸೂರು, ಜೋಧಪುರ, ಹೈದರಾಬಾದಿನ ಸವಾರರದು. 1922ರಿಂದ ಅಲ್ಲಿ ನಿಂತಿವೆ. ಮೂವರಲ್ಲಿ ಒಬ್ಬ ನಮ್ಮವನು. 2018ರಿಂದ ಆ ವೃತ್ತದ ಹೆಸರು ತೀನ್ ಮೂರ್ತಿ ಹೈಫಾ ಚೌಕ. ಮೈಸೂರು ಲಾನ್ಸರ್ಸ್ ಸೇರಿದಂತೆ ಸಂಸ್ಥಾನಗಳ ಅಶ್ವದಳಗಳನ್ನು ಕೂಡಿಸಿ 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿ ಇಂದಿಗೂ ಕುದುರೆಯೇರುತ್ತದೆ, ಸೆಪ್ಟೆಂಬರ್ 23ರಂದು ಹೈಫಾ ದಿನ ಆಚರಿಸುತ್ತದೆ.

◆ ಯುದ್ಧ ಮುಗಿದದ್ದು 1918ರ ನವೆಂಬರ್‌ನಲ್ಲಿ. ಎಲ್ಲರಿಗಿಂತ ಹೆಚ್ಚು ಸೈನಿಕರನ್ನು ಕೊಟ್ಟ ಪಂಜಾಬಿಗೆ ಐದೇ ತಿಂಗಳಲ್ಲಿ ಸಿಕ್ಕ ಉಡುಗೊರೆ ಜಲಿಯನ್‌ವಾಲಾ ಬಾಗ್.

◆ ಇಂಡಿಯಾ ಗೇಟ್ ಗೋಡೆಗಳ ಮೇಲೆ 13,000ಕ್ಕೂ ಹೆಚ್ಚು ಹೆಸರುಗಳಿವೆ. ಫ್ರಾನ್ಸಿನ ನವ್ ಶಪೆಲ್‌ನಲ್ಲಿ, ಸಾಂಚಿಯ ಕಟಾಂಜನವನ್ನು ನೆನಪಿಸುವ ದುಂಡು ಆವರಣದಲ್ಲಿ, 4,700ಕ್ಕೂ ಹೆಚ್ಚು ಹೆಸರುಗಳಿವೆ. ಎರಡು ಕಲ್ಲಿನ ಹುಲಿಗಳು ಕಾವಲಿವೆ. ಈಪ್ರ್‌ನ ಮೆನಿನ್ ಗೇಟಿನಲ್ಲಿ ದಿನವೂ ರಾತ್ರಿ ಎಂಟಕ್ಕೆ ತುತ್ತೂರಿ ಊದುತ್ತಾರೆ. ಆ ಗೋಡೆಯ ಮೇಲೂ ನಮ್ಮವರ ಹೆಸರುಗಳಿವೆ.

ಇರಾಕಿನ ಬಸ್ರಾದಲ್ಲಿ ಹಾಗಲ್ಲ. ಗೋರಿಯೂ ಸಿಗದ 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಅದು, ಬಹುಪಾಲು ಭಾರತೀಯರದು. ಬ್ರಿಟಿಷ್ ಸಿಪಾಯಿಯ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಯ ಹೆಸರು ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗೆ ಮಾತ್ರ ಪಲ್ಟನ್ನಿನ ಹೆಸರಿನ ಕೆಳಗೆ ಒಂದು ಸಂಖ್ಯೆ: ಇಷ್ಟು ಮಂದಿ ಎಂದು. ಇಂಥ ಅಸಮಾನತೆ ನಡೆದದ್ದು ಹೌದೆಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಒಪ್ಪಿ ಕ್ಷಮೆ ಕೇಳಿದ್ದು 2021ರ ಏಪ್ರಿಲ್‌ನಲ್ಲಿ, ನೂರು ವರ್ಷ ಕಳೆದ ಮೇಲೆ.

◆ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲಾನ್ಸರ್ಸ್ ಸ್ಮಾರಕವಿದೆ. ಕಡಲಾಚೆ ಮಡಿದ ಸವಾರರ ಹೆಸರುಗಳು ಆ ಕಲ್ಲಿನ ಮೇಲಿವೆ. ಮೇಖ್ರಿ ವೃತ್ತದ ಕಡೆ ಹೋದಾಗ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಮಕ್ಕಳಿದ್ದರೆ ಜೊತೆಗೆ ಕರೆದೊಯ್ಯಿರಿ, ಆ ಹೆಸರುಗಳನ್ನು ಒಂದೊಂದಾಗಿ ಅವರಿಂದ ಓದಿಸಿ.